ನೆಲಮಾಳಿಗೆಗೆ ನುಗ್ಗುವ ನೀರು, ಬಿಟ್ಟುಹೋಗದ ತೇವ: ಕಾರಣವೇನು, ಮಾಡಬೇಕಾದುದೇನು?

ಬೆಂಗಳೂರು: 2025ರ ಮೇ 19ರಂದು ನಗರದ ಬಿಟಿಎಂ ಬಡಾವಣೆ ಎರಡನೇ ಹಂತದ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿ ಮಳೆನೀರು ತುಂಬಿ ನಿಂತಿತ್ತು. ಅದನ್ನು ಮೋಟಾರು ಹಚ್ಚಿ ಹೊರಹಾಕುವ ಪ್ರಯತ್ನ ನಡೆದಾಗ ವಿದ್ಯುತ್ ಪ್ರವಹಿಸಿ ಹಿರಿಯ ನಿವಾಸಿಯೊಬ್ಬರು ಹಾಗೂ 12 ವರ್ಷದ ಬಾಲಕನೊಬ್ಬ ಪ್ರಾಣ ಕಳೆದುಕೊಂಡರು. ಅದಕ್ಕೂ ಹಿಂದಿನ ವರ್ಷ, 2024ರ ಜುಲೈ 27ರ ಸಂಜೆ, ದೆಹಲಿಯ ಹಳೆ ರಾಜೇಂದ್ರ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಯಲ್ಲಿದ್ದ ಗ್ರಂಥಾಲಯಕ್ಕೆ ರಸ್ತೆಯ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಎರಡೂ ಕಡೆ ಪ್ರವಾಹವೆಂದು ಕರೆಯಬಹುದಾದ ನದಿಯೇನೂ ಉಕ್ಕಿ ಹರಿದಿರಲಿಲ್ಲ. ಒಂದು ಜೋರು ಮಳೆ, ನೆಲಕ್ಕಿಂತ ಕೆಳಗಿರುವ ಒಂದು ಕೋಣೆ, ಇವೆರಡೇ ಸಾಕಾದವು.

ನೆಲಮಾಳಿಗೆ, ಸೆಲ್ಲರ್, ಬೇಸ್‌ಮೆಂಟ್ ಎಂದು ಜನ ಬಗೆಬಗೆಯಾಗಿ ಕರೆಯುವ ಈ ಜಾಗ ಕರ್ನಾಟಕದ ಮನೆಗಳಿಗೆ ತೀರಾ ಹೊಸದು. ನಮ್ಮ ಹಿರಿಯರು ಮನೆಯನ್ನು ನೆಲದಿಂದ ಮೇಲಕ್ಕೆ ಎತ್ತಿದರೇ ಹೊರತು ಕೆಳಕ್ಕೆ ಇಳಿಸಲಿಲ್ಲ. ಕರಾವಳಿ, ಮಲೆನಾಡಿನ ಹಳೆಯ ಮನೆಗಳ ಪಂಚಾಂಗ ಅಂಗಳದಿಂದ ಎರಡು ಮೂರು ಅಡಿ ಎತ್ತರದಲ್ಲಿರುವುದನ್ನು ಇಂದಿಗೂ ಕಾಣಬಹುದು. ಜಗುಲಿ ಏರಲು ಮೆಟ್ಟಿಲು, ಗೋಡೆಗೆ ಮಳೆ ತಾಗದಂತೆ ಚಾಚಿದ ಮಾಡು, ಆಷಾಢದಲ್ಲಿ ಗೋಡೆಗೆ ಮರೆಯಾಗಿ ಕಟ್ಟುವ ಮಡಲಿನ ತಟ್ಟಿ, ಹಂಚುಗಳ ಸಂದಿನಿಂದ ಸದಾ ಆಡುವ ಗಾಳಿ, ಅಡಿಗೆಮನೆಯ ಹೊಗೆಯಿಂದ ಒಣಗಿಯೇ ಇರುವ ಅಟ್ಟ ಇವೆಲ್ಲ ತೇವವನ್ನು ದೂರವಿಡುವ ವ್ಯವಸ್ಥೆಯ ಅಂಗಗಳು. ನಿವೇಶನದ ಬೆಲೆ ಏರಿದಂತೆ, ವಾಹನ ನಿಲ್ಲಿಸಲು ಜಾಗ ಬೇಕೆಂಬ ನಿಯಮ ಬಿಗಿಯಾದಂತೆ ನಗರಗಳಲ್ಲಿ ಕಟ್ಟಡಗಳು ಕೆಳಕ್ಕೂ ಬೆಳೆಯತೊಡಗಿದವು. ಅಗೆಯುವ ಯಂತ್ರ ಬಂದಷ್ಟು ಬೇಗ ನೀರನ್ನು ತಡೆಯುವ ವಿದ್ಯೆ ಬರಲಿಲ್ಲವೆಂಬುದೇ ಈಗಿನ ತೊಂದರೆಯ ಮೂಲ.

ನೀರು ಬರುವುದು ಎಲ್ಲಿಂದ?

ನೆಲಮಾಳಿಗೆಯ ನೀರಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎಲ್ಲ ನೀರನ್ನೂ ಒಂದೇ ಎಂದು ಭಾವಿಸುವುದು. ವಾಸ್ತವದಲ್ಲಿ ನೀರು ನಾಲ್ಕು ಬೇರೆಬೇರೆ ದಾರಿಗಳಿಂದ ಬರುತ್ತದೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ರಸ್ತೆಯಿಂದ ಇಳಿದು ಬರುವ ನೀರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು; ಇಲ್ಲಿ ನೀರು ನಿಲ್ಲಲು ಕಾರಣವೇ ಇಲ್ಲವೆಂದು ಹಲವರು ವಾದಿಸುವುದುಂಟು. ಆದರೆ ಊರು ಕುಳಿತಿರುವುದು ಒಂದು ದಿಣ್ಣೆಯ ಮೇಲೆ. ಅದರ ಇಕ್ಕೆಲಗಳಲ್ಲಿ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಿವೆ. ಒಂದು ಕೆರೆ ತುಂಬಿ ಕೋಡಿ ಬಿದ್ದು ಮುಂದಿನ ಕೆರೆಗೆ ರಾಜಕಾಲುವೆಯ ಮೂಲಕ ನೀರು ಹರಿಯುವಂತೆ ಹಿಂದಿನವರು ಈ ಕಣಿವೆಗಳಲ್ಲಿ ಸರಣಿ ಕೆರೆಗಳನ್ನು ಕಟ್ಟಿದ್ದರು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ಇಳಿಜಾರು ಹೋಗಿಲ್ಲ. ಮಳೆನೀರು ಹಳೆಯ ವಿಳಾಸವನ್ನೇ ಹುಡುಕಿಕೊಂಡು ಬರುತ್ತದೆ, ಅಲ್ಲಿ ಈಗ ಯಾರ ಸೆಲ್ಲರ್ ಇದೆಯೆಂದು ಅದು ನೋಡುವುದಿಲ್ಲ.

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆ 24 ಗಂಟೆಗಳ ಲೆಕ್ಕದಲ್ಲಿ 131.6 ಮಿ.ಮೀ. ಮಹದೇವಪುರ ವಲಯದ ಬಡಾವಣೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರಬಂದರು. ನೆಲಮಾಳಿಗೆಗಳಲ್ಲಿದ್ದ ಕಾರುಗಳು ಮುಳುಗಿದವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ಸರದಿ ಬಂತು. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯ ದೋಣಿಗಳು ಅಲ್ಲಿ ಆವರಣದೊಳಗೆ ಓಡಾಡಿದವು.

ಎರಡನೆಯದು ನೆಲದೊಳಗಿನಿಂದ ಒತ್ತಿಕೊಂಡು ಬರುವ ನೀರು. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ನೀರಿಲ್ಲ, ಹನ್ನೆರಡು ಅಡಿಯ ಸೆಲ್ಲರ್‌ನಲ್ಲಿ ಮಾತ್ರ ನೀರು ಜಿನುಗುತ್ತಿದೆ ಎಂಬ ದೂರು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ವಿರೋಧಾಭಾಸವೇನಿಲ್ಲ. ಕೊಳವೆಬಾವಿಯ ನೀರು ಆಳದ ಬಂಡೆಯ ಬಿರುಕುಗಳದ್ದು. ಸೆಲ್ಲರ್‌ಗೆ ಬರುವುದು ಬಂಡೆಯ ಮೇಲಿನ ಶಿಥಿಲ ಮಣ್ಣಿನ ಪದರದಲ್ಲಿ ಮಳೆಗಾಲದಲ್ಲಿ ಶೇಖರವಾಗುವ ನೀರು. ಮಳೆ ನಿಂತು ವಾರ ಕಳೆದರೂ ಗೋಡೆಯ ಬುಡದಲ್ಲಿ ಜಿನುಗು ಮುಂದುವರಿದರೆ ಅದು ಈ ಜಾತಿಯ ನೀರು. ಒಡೆದ ಕುಡಿಯುವ ನೀರಿನ ಕೊಳವೆಯೂ ಇದೇ ಲಕ್ಷಣವನ್ನು ತೋರುತ್ತದೆಯಾದ್ದರಿಂದ ಬೇಸಿಗೆಯಲ್ಲೂ ಜಿನುಗು ನಿಲ್ಲದಿದ್ದರೆ ಮೊದಲು ಕೊಳವೆ ಮತ್ತು ಸಂಪನ್ನು ಪರಿಶೀಲಿಸಬೇಕು.

ಈ ನೀರಿನ ಬಲವನ್ನು ಕಡಿಮೆ ಅಂದಾಜು ಮಾಡುವಂತಿಲ್ಲ. ಅಂತರ್ಜಲ ಮಟ್ಟಕ್ಕಿಂತ 3 ಮೀಟರ್ ಕೆಳಗಿರುವ ನೆಲಹಾಸಿನ ಪ್ರತಿ ಚದರ ಮೀಟರಿಗೆ ನೀರು 3 ಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ. ಹತ್ತು ಮೀಟರ್ ಉದ್ದಗಲದ ಕೋಣೆಗೆ ಅದು 300 ಟನ್ ಆಗುತ್ತದೆ. ತೆಳುವಾಗಿ ಹಾಕಿದ ಕಾಂಕ್ರೀಟ್ ಹಾಸು ಉಬ್ಬಿ ಬಿರುಕು ಬಿಡಲು ಇಷ್ಟು ಸಾಕು. ಖಾಲಿ ಮಾಡಿದ ನೆಲದಡಿಯ ಸಂಪು ಕೆಲವೊಮ್ಮೆ ಮಳೆಗಾಲದಲ್ಲಿ ತೇಲಿ ಮೇಲೆದ್ದು ಬರುವುದೂ ಇದೇ ಕಾರಣಕ್ಕೆ.

ಕರಾವಳಿಯ ಕಥೆ ಸ್ವಲ್ಪ ಬೇರೆ. ಮಂಗಳೂರಿನ ಗುಡ್ಡಗಳ ಮೇಲ್ಪದರ ಮುರಕಲ್ಲು. ಅದರ ಕೆಳಗಿರುವುದು ಊರವರು ಶೇಡಿ ಮಣ್ಣೆಂದು ಕರೆಯುವ ಮೆತ್ತನೆಯ ಜೇಡಿ. ಮುರಕಲ್ಲಿನ ತೂತುಗಳಲ್ಲಿ ಸರಾಗವಾಗಿ ಇಳಿಯುವ ಮಳೆನೀರು ಶೇಡಿ ಮಣ್ಣಿನ ಮೇಲೆ ಬಂದು ತಡೆದು, ಅಡ್ಡಡ್ಡವಾಗಿ ಹರಿಯುತ್ತದೆ. ಗುಡ್ಡ ಕಡಿದು ಕಟ್ಟಿದ ಬಹುಮಹಡಿ ಕಟ್ಟಡದ ಹಿಂಗೋಡೆ ನೇರವಾಗಿ ಈ ಹರಿವಿಗೆ ಅಡ್ಡ ನಿಲ್ಲುತ್ತದೆ. ಜುಲೈನಲ್ಲಿ ಅಂಥ ನೆಲಮಾಳಿಗೆಯ ಗೋಡೆಯಿಂದ ಒರತೆಯೇ ಹರಿದರೂ ಅಚ್ಚರಿಯಿಲ್ಲ. ಶೇಡಿ ಮಣ್ಣು ನೀರು ಕುಡಿದಾಗ ಶಕ್ತಿ ಕಳೆದುಕೊಂಡು ಜಾರುವ ಸ್ವಭಾವದ್ದು. ಆದ್ದರಿಂದ ಅಲ್ಲಿ ಹಿಂಗೋಡೆಯ ಸೋರಿಕೆಯನ್ನು ಕೇವಲ ತೇವದ ಪ್ರಶ್ನೆಯೆಂದು ಬಗೆಯದೆ, ಗೋಡೆಯ ಭದ್ರತೆಯ ಪ್ರಶ್ನೆಯೆಂದೂ ಬಗೆಯಬೇಕು.

ಮೂರನೆಯ ದಾರಿ ಅತ್ಯಂತ ಅಸಹ್ಯಕರವಾದುದು. ಒಳಚರಂಡಿ ಕೊಳವೆಗೆ ಮಳೆನೀರು ಸೇರಿ ಅದು ತುಂಬಿ ಒತ್ತಡ ಹೆಚ್ಚಾದಾಗ, ಯುಜಿಡಿ ನೀರು ಹಿಮ್ಮುಖವಾಗಿ ಹರಿದು ನೆಲಮಾಳಿಗೆಯ ಶೌಚಾಲಯ ಅಥವಾ ಚೇಂಬರ್‌ನಿಂದ ಉಕ್ಕುತ್ತದೆ. ಬಾಗಿಲಿಗೆ ಎಷ್ಟು ಮರಳುಚೀಲ ಪೇರಿಸಿದರೂ ಇದು ನಿಲ್ಲುವುದಿಲ್ಲ. ಮನೆಯ ಕೊಳವೆ ಬೀದಿಯ ಕೊಳವೆಗೆ ಸೇರುವ ಮುನ್ನ ಹಿಮ್ಮುಖ ಹರಿವು ತಡೆಯುವ ವಾಲ್ವ್ ಕೂರಿಸುವುದೇ ದಾರಿ.

ನಾಲ್ಕನೆಯದು ಕಣ್ಣಿಗೆ ಕಾಣದ ನೀರು: ಗಾಳಿಯಲ್ಲಿರುವ ತೇವಾಂಶ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ತಿಳಿದವರೂ ಎಡವುವುದು ಇಲ್ಲಿ.

ಕಿಟಕಿ ತೆರೆದರೆ ಒಣಗುವುದೇ?

ತೇವವಿದ್ದರೆ ಗಾಳಿಯಾಡಲಿ ಎಂಬುದು ರೂಢಿಯ ಮಾತು. ಒಣಗಾಳಿಯ ಊರಿಗೆ, ಒಣಗಾಳಿಯ ತಿಂಗಳಿಗೆ ಅದು ಸರಿ. ಆದರೆ ಮಳೆಗಾಲದ ಮಂಗಳೂರಿನಲ್ಲೋ ಕಾರವಾರದಲ್ಲೋ 28 ಡಿಗ್ರಿ ಉಷ್ಣತೆ, ಶೇ. 85ರಷ್ಟು ಆರ್ದ್ರತೆ ಇರುವ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಆ ಗಾಳಿ ಸುಮಾರು 25 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯನ್ನು ಸೋಕಿದರೂ ಹನಿಗಟ್ಟುತ್ತದೆ. ಹವಾನಿಯಂತ್ರಿತ ಕೋಣೆಯ ಪಕ್ಕದ ಗೋಡೆ, ತಣ್ಣೀರಿನ ಕೊಳವೆ, ಗ್ರಾನೈಟ್ ನೆಲ ಇವು ಸುಲಭವಾಗಿ ಅಷ್ಟು ತಣ್ಣಗಿರುತ್ತವೆ. ನೆಲ ಬೆವರುತ್ತಿದೆ ಎಂದು ಗೃಹಿಣಿಯರು ಹೇಳುವುದು ಇದನ್ನೇ. ಹನಿಗಟ್ಟದಿದ್ದರೂ, ಮೇಲ್ಮೈ ತುಸು ತಣ್ಣಗಿದ್ದು ಅಲ್ಲಿನ ಆರ್ದ್ರತೆ ಶೇ. 80 ದಾಟಿ ದಿನಗಟ್ಟಲೆ ಉಳಿದರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ಹೊರಗಿನ ಗಾಳಿಯನ್ನೇ ಮತ್ತೆ ಮತ್ತೆ ಒಳಗೆ ತಂದು ಕೋಣೆಯನ್ನು ಒಣಗಿಸಲು ಹೊರಟರೆ ಅದು ಒದ್ದೆ ಬಟ್ಟೆಯಿಂದ ಒದ್ದೆ ನೆಲ ಒರೆಸಿದಂತೆ.

ಈ ಪಾಠವನ್ನು ಅಮೆರಿಕದ ಆಗ್ನೇಯ ರಾಜ್ಯಗಳು ದುಬಾರಿ ಬೆಲೆ ತೆತ್ತು ಕಲಿತವು. ಅಲ್ಲಿನ ಮನೆಗಳು ಹೆಚ್ಚಾಗಿ ಮರದವು. ಮರದ ನೆಲಹಾಸಿನ ಕೆಳಗೆ, ಮಣ್ಣಿನ ಮೇಲೆ, ಮನುಷ್ಯ ತೆವಳಿಕೊಂಡು ಮಾತ್ರ ಹೋಗಬಹುದಾದ ಎರಡು ಮೂರು ಅಡಿ ಎತ್ತರದ ಪೊಳ್ಳು ಜಾಗ ಬಿಟ್ಟಿರುತ್ತಾರೆ. ಕೊಳವೆ, ತಂತಿಗಳೆಲ್ಲ ಅಲ್ಲಿಯೇ ಸಾಗುತ್ತವೆ. ಅದು ಒಣಗಿರಲೆಂದು ಸುತ್ತಲೂ ಗೋಡೆಯಲ್ಲಿ ಜಾಲರಿ ಕಿಂಡಿಗಳನ್ನು ಇಡಬೇಕೆಂಬ ನಿಯಮ ದಶಕಗಳ ಕಾಲ ಅಲ್ಲಿನ ಕಟ್ಟಡ ಸಂಹಿತೆಗಳಲ್ಲಿತ್ತು. ಆದರೂ ನೆಲಹಾಸು ಕೊಳೆಯುವುದು, ಬೂಷ್ಟು ಹಿಡಿಯುವುದು ತಪ್ಪಲಿಲ್ಲ.

ಉತ್ತರ ಕೆರೊಲಿನಾದ ಪ್ರಿನ್ಸ್‌ವಿಲ್ ಎಂಬ ಪುಟ್ಟ ಊರು 1999ರಲ್ಲಿ ಫ್ಲಾಯ್ಡ್ ಚಂಡಮಾರುತದ ನೆರೆಯಲ್ಲಿ ಮುಳುಗಿತ್ತು. ಅನಂತರ ಆ ಊರಿನ 12 ಮನೆಗಳಲ್ಲಿ ಅಡ್ವಾನ್ಸ್‌ಡ್ ಎನರ್ಜಿ ಎಂಬ ಲಾಭರಹಿತ ಸಂಸ್ಥೆ ಪ್ರಯೋಗವೊಂದನ್ನು ನಡೆಸಿತು. ಕೆಲವು ಮನೆಗಳಲ್ಲಿ ಕಿಂಡಿಗಳನ್ನು ಹಾಗೆಯೇ ಬಿಡಲಾಯಿತು. ಉಳಿದವುಗಳಲ್ಲಿ ಕಿಂಡಿ ಮುಚ್ಚಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಗೋಡೆಗೆ ಅಂಟಿಸಲಾಯಿತು. ಬೇಸಿಗೆಯಲ್ಲಿ ತೆರೆದ ಕಿಂಡಿಯ ಮನೆಗಳ ಅಡಿಭಾಗವೇ ಹೆಚ್ಚು ತೇವವಾಗಿತ್ತು. ಮುಚ್ಚಿದ ಮನೆಗಳು ಒಣಗಿದ್ದುದಲ್ಲದೆ, ತಂಪು ಮತ್ತು ಬಿಸಿ ಮಾಡುವ ವೆಚ್ಚದಲ್ಲಿ ಸರಾಸರಿ ಶೇ. 15ಕ್ಕೂ ಹೆಚ್ಚು ಇಂಧನ ಉಳಿತಾಯವಾಯಿತು. ಬಳಿಕ ಆ ರಾಜ್ಯದ ಕಟ್ಟಡ ಸಂಹಿತೆಯೇ ಬದಲಾಯಿತು. ಉದ್ಯೋಗಕ್ಕಾಗಿ ಅದೇ ರಾಜ್ಯದ ರಾಲಿ, ಕ್ಯಾರಿ ಪಟ್ಟಣಗಳಿಗೆ ಹೋಗಿ ಮನೆ ಕೊಂಡಿರುವ ಕನ್ನಡಿಗರಿಗೆ ಈ ವಿಷಯ ಹೊಸದೇನಲ್ಲ. ಮನೆ ಖರೀದಿಗೆ ಮುನ್ನ ಟಾರ್ಚ್ ಹಿಡಿದು ನೆಲದಡಿಗೆ ನುಸುಳುವ ತಪಾಸಣೆಗಾರನ ವರದಿಯನ್ನು ಅವರು ಓದಿಯೇ ಇರುತ್ತಾರೆ.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಮುಚ್ಚುವ ಉಪಾಯ ಫಲಿಸುವುದು ನೀರಿನ ಹರಿವು ನಿಂತ ಮೇಲೆ ಮಾತ್ರ. ಗೋಡೆಯಿಂದ ನೀರು ಸೋರುತ್ತಿರುವಾಗಲೇ ಕಿಟಕಿ ಮುಚ್ಚಿದರೆ ನೆಲಮಾಳಿಗೆ ಹಬೆಯಲ್ಲಿಟ್ಟ ಪಾತ್ರೆಯಾಗುತ್ತದೆ. ವಾಹನಗಳು ಓಡಾಡುವ ನೆಲಮಾಳಿಗೆಗೆ ಈ ಉಪಾಯ ಅನ್ವಯಿಸುವುದೂ ಇಲ್ಲ, ಏಕೆಂದರೆ ಹೊಗೆ ಹೊರಹೋಗಲು ಗಾಳಿಯ ಸಂಚಾರ ಬೇಕೇ ಬೇಕು. ಉಗ್ರಾಣ, ಕಡತದ ಕೋಣೆ, ವ್ಯಾಯಾಮಶಾಲೆ ಮುಂತಾದವುಗಳಿಗೆ ಮಳೆಗಾಲದಲ್ಲಿ ಕಿಟಕಿ ಮುಚ್ಚಿ ತೇವಾಂಶ ಹೀರುವ ಡಿಹ್ಯುಮಿಡಿಫೈಯರ್ ಯಂತ್ರ ಓಡಿಸಿ, ಆರ್ದ್ರತೆಯನ್ನು ಶೇ. 60ಕ್ಕಿಂತ ಕೆಳಗೆ ಇರಿಸುವುದು ಸೂಕ್ತ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಒಣಗಾಳಿಗೆ ಕಿಟಕಿ ತೆರೆದಿಟ್ಟರೆ ಕಾಸು ಖರ್ಚಿಲ್ಲದೆ ಆ ಕೆಲಸವಾಗುತ್ತದೆ.

ಸೋರಿಕೆಯೋ, ಬೆವರೋ?

ಗೋಡೆಯ ತೇವ ಒಳಗಿನಿಂದ ಬಂದಿದೆಯೋ ಗಾಳಿಯಿಂದ ಬಂದಿದೆಯೋ ಎಂದು ತಿಳಿಯಲು ಪರಿಣತರೇ ಬೇಕೆಂದಿಲ್ಲ. ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು, ಒರೆಸಿ ಒಣಗಿಸಿದ ಗೋಡೆಯ ಅಥವಾ ನೆಲದ ಮೇಲಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಬೇಕು. ಒಂದು ದಿನ ಬಿಟ್ಟು ನೋಡಿದಾಗ ಹಾಳೆಯ ಒಳಮಗ್ಗುಲಲ್ಲಿ ಹನಿಗಳಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮಗ್ಗುಲು ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಎರಡೂ ಕಡೆ ಒದ್ದೆಯಿದ್ದರೆ ತೊಂದರೆಯೂ ಎರಡು. ಈ ಹತ್ತು ರೂಪಾಯಿಯ ಪರೀಕ್ಷೆ ಮಾಡದೆ ಲಕ್ಷ ರೂಪಾಯಿಯ ಲೇಪನಕ್ಕೆ ಸಹಿ ಹಾಕುವ ಸಂಘಗಳೇ ಹೆಚ್ಚು.

ಗೋಡೆಯ ಬುಡದಿಂದ ಮೂರು ನಾಲ್ಕು ಅಡಿ ಎತ್ತರದವರೆಗೆ ಮಾತ್ರ ಬಣ್ಣ ಕಿತ್ತು, ಅದರ ಮೇಲೆ ಬಿಳಿಯ ಉಪ್ಪಿನ ಪುಡಿ ಕಾಣಿಸಿದರೆ ಅದು ಇಟ್ಟಿಗೆ ಅಥವಾ ಕಲ್ಲು ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ನೆಲದ ನೀರನ್ನು ಮೇಲಕ್ಕೆ ಹೀರುತ್ತಿರುವ ಗುರುತು. ಪಂಚಾಂಗದ ಮಟ್ಟದಲ್ಲಿ ಹಾಕಬೇಕಾದ ತೇವನಿರೋಧಕ ಪದರ ಇಲ್ಲದ ಅಥವಾ ಹಾಳಾದ ಮನೆಗಳಲ್ಲಿ ಇದು ಸಾಮಾನ್ಯ. ಇಂಥ ಗೋಡೆಗೆ ಪುಟ್ಟಿ ತುಂಬಿ ಹೊಸ ಬಣ್ಣ ಬಳಿಯುವುದು ಯುಗಾದಿಗೆ ಚಂದ ಕಾಣುತ್ತದೆ, ದಸರೆಯ ಹೊತ್ತಿಗೆ ಮತ್ತೆ ಉದುರುತ್ತದೆ. ತುಕ್ಕಿನ ಬಣ್ಣದ ಗೆರೆಗಳು, ಸಿಮೆಂಟ್ ಗಿಲಾಯಿ ಸಿಡಿದು ಒಳಗಿನ ಕಬ್ಬಿಣದ ಸರಳು ಕಾಣುವುದು ಮಾತ್ರ ಬಣ್ಣದ ಅಂಗಡಿಯವರಿಗೆ ತೋರಿಸುವ ವಿಷಯವಲ್ಲ. ರಚನಾ ಎಂಜಿನಿಯರರನ್ನು ಕರೆಸಬೇಕು.

ನೀರು ತುಂಬಿದಾಗ

ಮೊದಲ ನಿಯಮ: ನೀರು ನಿಂತ ನೆಲಮಾಳಿಗೆಗೆ ವಿದ್ಯುತ್ ಸಂಪರ್ಕ ಕಡಿತವಾಗಿದೆಯೆಂದು ಖಚಿತವಾಗುವವರೆಗೆ ಯಾರೂ ಇಳಿಯಕೂಡದು. ಹೃದಯದ ಬಡಿತವನ್ನು ಕೆಡಿಸಲು ಆಂಪಿಯರಿನ ನೂರರ ಕೆಲವು ಪಾಲಿನಷ್ಟು ವಿದ್ಯುತ್ ಸಾಕು. ಮುಖ್ಯ ಸ್ವಿಚ್ಚು ನೆಲಮಾಳಿಗೆಯಲ್ಲಿಯೇ ಇದ್ದು, ಅಲ್ಲಿಗೆ ಹೋಗಲು ನೀರು ದಾಟಬೇಕೆಂದಿದ್ದರೆ ಹೋಗಬಾರದು. ವಿದ್ಯುತ್ ಸರಬರಾಜು ಕಂಪನಿಯ 1912 ಸಂಖ್ಯೆಗೆ ಕರೆ ಮಾಡಿ ಕಂಬದಲ್ಲಿಯೇ ಸಂಪರ್ಕ ತಪ್ಪಿಸುವಂತೆ ಕೋರಬೇಕು. ಒಂದು ಕಡೆಯಿಂದ ಬೆಸ್ಕಾಂ ವಿದ್ಯುತ್ ನಿಂತರೂ ಜನರೇಟರ್, ಯುಪಿಎಸ್, ಸೌರಫಲಕಗಳಿಂದ ಕರೆಂಟು ಹರಿಯುತ್ತಿರಬಹುದು ಎಂಬುದನ್ನು ಬಹುತೇಕರು ಮರೆಯುತ್ತಾರೆ. ಸಿಕ್ಕ ವೈರಿಗೆ ಸಿಕ್ಕ ಟೇಪು ಸುತ್ತಿ ಮೋಟಾರನ್ನು ನೀರಿಗಿಳಿಸುವ ಪದ್ಧತಿಯಂತೂ ಕೂಡಲೇ ನಿಲ್ಲಬೇಕಾದದ್ದು. ಮೋಟಾರಿನ ಸಂಪರ್ಕ ಮೇಲಂತಸ್ತಿನಿಂದ, 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ ಮೂಲಕ ಇರಬೇಕು, ಭೂಸಂಪರ್ಕ ಸರಿಯಾಗಿರಬೇಕು.

ಡೀಸೆಲ್ ಅಥವಾ ಪೆಟ್ರೋಲ್ ಪಂಪು ವಿದ್ಯುತ್ತಿನ ಭಯವಿಲ್ಲದ್ದು ನಿಜ; ಆದರೆ ಅದನ್ನು ನೆಲಮಾಳಿಗೆಯೊಳಗೆ ಇಟ್ಟು ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಕ್ಕೆ ಕುತ್ತಾಗುತ್ತದೆ. ಪಂಪು ರಸ್ತೆಯ ಮಟ್ಟದಲ್ಲಿರಬೇಕು, ಕೊಳವೆ ಮಾತ್ರ ಕೆಳಗಿಳಿಯಬೇಕು.

ಮಳೆ ಸುರಿಯುತ್ತಿರುವಾಗ ಕಾರು ಉಳಿಸಿಕೊಳ್ಳಲು ಕೆಳಗೆ ಓಡುವುದು ಸಹಜ ಪ್ರವೃತ್ತಿ. ಅಪಾಯ ಅಡಗಿರುವುದು ಬಾಗಿಲಿನಲ್ಲಿ. ಒಂದು ಮೀಟರ್ ಅಗಲದ ಕದದ ಹೊರಗೆ ಎರಡಡಿ ನೀರು ನಿಂತರೆ ಅದರ ಮೇಲಿನ ಒತ್ತಡ ಸುಮಾರು 180 ಕೆ.ಜಿ. ಭಾರಕ್ಕೆ ಸಮ; ಒಂದು ಮೀಟರ್ ನಿಂತರೆ 500 ಕೆ.ಜಿ. ಅಂಥ ಕದವನ್ನು ಒಳಗಿನಿಂದ ತಳ್ಳಿ ತೆರೆಯುವುದು ಒಬ್ಬರಿಂದ ಆಗುವ ಮಾತಲ್ಲ. ಮೆಟ್ಟಿಲ ಮೇಲೆ ನೀರು ಹರಿಯತೊಡಗಿದರೆ ಹತ್ತುವುದೂ ಕಷ್ಟ. ನೀರು ಪಾದ ಮುಟ್ಟಿದ ಕೂಡಲೇ ವಸ್ತುಗಳನ್ನು ಬಿಟ್ಟು ಮೇಲೆ ಬರುವುದೊಂದೇ ಮಾರ್ಗ. ಸಿಲುಕಿಕೊಂಡವರಿದ್ದರೆ 112ಕ್ಕೆ ಕರೆ ಮಾಡಬೇಕು. ಲಿಫ್ಟನ್ನು ಮೊದಲೇ ಮೇಲಿನ ಅಂತಸ್ತಿನಲ್ಲಿ ನಿಲ್ಲಿಸಿ ಬಂದ್ ಮಾಡುವುದನ್ನು ಕಾವಲುಗಾರರಿಗೆ ಕಲಿಸಿರಬೇಕು.

ಎಷ್ಟು ಬೇಗ ಖಾಲಿ ಮಾಡಬೇಕು? ಸಾವಿರ ಚದರ ಮೀಟರಿನ ನೆಲಮಾಳಿಗೆಯಲ್ಲಿ ಒಂದಡಿ ನೀರೆಂದರೆ ಸುಮಾರು 3 ಲಕ್ಷ ಲೀಟರ್, ಅಂದರೆ 6,000 ಲೀಟರಿನ 50 ಟ್ಯಾಂಕರ್ ನೀರು. ನಿಮಿಷಕ್ಕೆ 300 ಲೀಟರ್ ಎತ್ತುವ ಪಂಪಿಗೆ 16 ಗಂಟೆಗೂ ಹೆಚ್ಚು ಹೊತ್ತು ಬೇಕು. ಕಾಂಕ್ರೀಟಿನ ಗಟ್ಟಿ ತಡೆಗೋಡೆಯಿರುವ ಹೊಸ ಕಟ್ಟಡದಲ್ಲಿ ಅವಸರ ಮಾಡಿದರೂ ಹೆಚ್ಚಿನ ಹಾನಿಯಿಲ್ಲ. ಆದರೆ ಸೈಜುಗಲ್ಲು ಅಥವಾ ಇಟ್ಟಿಗೆಯ ಹಳೆಯ ಗೋಡೆಗಳಲ್ಲಿ, ಹೊರಗಿನ ಮಣ್ಣು ನೀರು ಕುಡಿದು ಭಾರವಾಗಿರುವಾಗ ಒಳಗಿನ ನೀರನ್ನು ಒಮ್ಮೆಲೇ ತೆಗೆದರೆ ಎದುರು ಒತ್ತಡವಿಲ್ಲದೆ ಗೋಡೆ ಒಳಕ್ಕೆ ಕುಸಿಯಬಹುದು. ಒಂದಡಿ ಇಳಿಸಿ, ಗೋಡೆಯ ಮೇಲೆ ಗುರುತು ಹಾಕಿ, ಒಂದು ರಾತ್ರಿ ಕಾಯಬೇಕು. ಬೆಳಿಗ್ಗೆ ನೀರು ಗುರುತಿಗಿಂತ ಮೇಲೇರಿದ್ದರೆ ಹೊರಗಿನ ನೆಲ ಇನ್ನೂ ತುಂಬಿದೆಯೆಂದು ತಿಳಿದು ಮತ್ತೆ ಕಾಯುವುದು ಕ್ಷೇಮ.

ನೀರು ಹೋದ ಮೇಲೆ 24ರಿಂದ 48 ಗಂಟೆಗಳೊಳಗೆ ಒಣಗಿಸದಿದ್ದರೆ ಬೂಷ್ಟು ತಲೆಯೆತ್ತುತ್ತದೆ. ಒದ್ದೆಯಾದ ಹಾಸಿಗೆ, ಪ್ಲೈವುಡ್, ರಟ್ಟಿನ ಪೆಟ್ಟಿಗೆಗಳನ್ನು ಒಣಗಿಸಿ ಇಟ್ಟುಕೊಳ್ಳುವ ಆಸೆ ಬಿಡುವುದು ಒಳ್ಳೆಯದು. ಉಬ್ಬಸವಿರುವವರು, ವೃದ್ಧರು, ಮಕ್ಕಳು ಬೂಷ್ಟು ಹಿಡಿದ ಜಾಗದಿಂದ ದೂರವಿರಬೇಕು. ಇಲಿಗಳ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುತ್ತದೆ. ಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿ. ಸ್ವಚ್ಛ ಮಾಡುವವರಿಗೆ ಗಮ್‌ಬೂಟು, ಕೈಗವಸು ಕೊಡಬೇಕಾದುದು ಸಂಘದ ಹೊಣೆ. ಇದನ್ನು ಬರೆದೇ ಹೇಳಬೇಕಾಗಿರುವುದು ವಿಷಾದಕರ, ಏಕೆಂದರೆ ಸಾಮಾನ್ಯವಾಗಿ ಬರಿಗಾಲಲ್ಲಿ ಇಳಿಯುವುದು ಕಾವಲುಗಾರ ಮತ್ತು ಅವನ ಮನೆಯವರು. ಮೂಲೆಯ ಗುಂಡಿಯಲ್ಲಿ ಉಳಿದ ತಿಳಿನೀರು ವಾರ ಹತ್ತು ದಿನದಲ್ಲಿ ಡೆಂಗೆ ಹರಡುವ ಸೊಳ್ಳೆಯ ತವರಾಗುತ್ತದೆ.

ಶಾಶ್ವತ ಪರಿಹಾರದ ಲೆಕ್ಕ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನೆಲಮಾಳಿಗೆಯ ಎತ್ತರ ಕನಿಷ್ಠ 2.4 ಮೀಟರ್ ಇರಬೇಕು, ಗೋಡೆ ಮತ್ತು ನೆಲ ನೀರು ತೂರದಂತಿರಬೇಕು, ಹೊರಗಿನ ಮಳೆನೀರು ಒಳಬರದಂತೆ ವ್ಯವಸ್ಥೆಯಾಗಿರಬೇಕು. ಕಾಗದದ ಮೇಲೆ ಕೊರತೆಯಿಲ್ಲ. 2025ರ ಮೇ ಮಳೆಯ ಬಳಿಕ ತಗ್ಗು ಪ್ರದೇಶಗಳಲ್ಲಿ ನೆಲಮಾಳಿಗೆ ನಿಲುಗಡೆಗೆ ಅವಕಾಶ ಕೊಡಬಾರದೆಂಬ ಮಾತನ್ನು ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೂ ಆಡಿದ್ದರು. ಈಗಾಗಲೇ ಕಟ್ಟಿ ಆಗಿರುವುದನ್ನು ಏನು ಮಾಡುವುದೆಂಬುದು ನಿವಾಸಿಗಳ ಪಾಲಿನ ಪ್ರಶ್ನೆ.

ಅಗ್ಗವಾದುದರಿಂದ ಆರಂಭಿಸುವುದು ಜಾಣತನ. ಇಳಿಜಾರಿನ ಬಾಯಲ್ಲಿ, ರಸ್ತೆಯ ಮಟ್ಟಕ್ಕಿಂತ ಅರ್ಧ ಅಡಿಯಿಂದ ಒಂದಡಿ ಎತ್ತರದ ಉಬ್ಬು ಕಟ್ಟಿ, ಅದರ ಹಿಂದೆ ಅಡ್ಡಲಾಗಿ ಕಬ್ಬಿಣದ ಜಾಲರಿ ಹೊದಿಸಿದ ಕಾಲುವೆ ಮಾಡಿದರೆ ಅನೇಕ ಕಟ್ಟಡಗಳ ಅರ್ಧ ತೊಂದರೆ ತೀರುತ್ತದೆ. ರಸ್ತೆಗೆ ಪ್ರತಿಸಲ ಹಳೆಯದನ್ನು ಕೆರೆಯದೆಯೇ ಡಾಂಬರು ಹಾಕುವುದರಿಂದ ರಸ್ತೆ ಏರುತ್ತಾ, ಮನೆ ತಗ್ಗಾಗುತ್ತಾ ಹೋಗುವುದರಿಂದ ಹತ್ತು ವರ್ಷದ ಹಿಂದಿನ ಉಬ್ಬು ಇಂದು ಸಾಲದೆ ಹೋಗಬಹುದು. ತೆರೆದ ಇಳಿಜಾರಿಗೆ ಮಾಡು ಹೊದಿಸುವುದು ಇನ್ನೊಂದು ಸರಳ ಕ್ರಮ. ನೂರು ಚದರ ಮೀಟರಿನ ಇಳಿಜಾರಿನ ಮೇಲೆ 100 ಮಿ.ಮೀ. ಮಳೆಯಾದರೆ ಅದೊಂದರಿಂದಲೇ 10,000 ಲೀಟರ್ ಒಳಗಿಳಿಯುತ್ತದೆ.

ಗೋಡೆಯ ಬುಡದುದ್ದಕ್ಕೂ ಕಿರುಗಾಲುವೆ, ಅದರ ನೀರು ಸೇರುವ ಗುಂಡಿ, ಗುಂಡಿಯಲ್ಲಿ ನೀರೇರಿದಾಗ ತಾನಾಗಿ ಶುರುವಾಗುವ ಫ್ಲೋಟ್ ಸ್ವಿಚ್ಚಿನ ಪಂಪು ಇವು ಪ್ರತಿ ನೆಲಮಾಳಿಗೆಗೂ ಬೇಕು. ಪಂಪು ಎರಡಿರಬೇಕು, ಏಕೆಂದರೆ ಒಂದೇ ಇದ್ದರೆ ಅದು ಕೆಡುವುದು ಮಳೆಯ ರಾತ್ರಿಯೇ. ವಿದ್ಯುತ್ ಫಲಕ ಮತ್ತು ಜನರೇಟರ್ ನೆಲಮಟ್ಟದಿಂದ ಮೇಲಿರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಕಾವೇರಿ ಪಂಪಿಂಗ್ ಕೇಂದ್ರಕ್ಕೇ ನೆರೆನೀರು ನುಗ್ಗಿ, ನೀರೆತ್ತುವ ಯಂತ್ರಗಳೇ ನೀರಿನಲ್ಲಿ ಮುಳುಗಿ ಬೆಂಗಳೂರಿಗೆ ಕುಡಿಯುವ ನೀರು ನಿಂತಿದ್ದು ಇದಕ್ಕೆ ದೊಡ್ಡ ಉದಾಹರಣೆ.

ನೆಲದೊಳಗಿನ ನೀರಿಗೆ ಹೊರಗಿನಿಂದ ತಡೆ ಹಾಕುವುದು ಉತ್ತಮ. ಒಳಗಿನಿಂದ ಹಾಕುವುದು ಅನಿವಾರ್ಯ ಬಂದಾಗ. ಹೊರಮೈಗೆ ಪದರ ಹೊದಿಸಿದರೆ ನೀರಿನ ಒತ್ತಡವೇ ಅದನ್ನು ಗೋಡೆಗೆ ಅಮುಕಿ ಹಿಡಿಯುತ್ತದೆ. ಒಳಮೈಗೆ ಬಳಿದದ್ದನ್ನು ಅದೇ ಒತ್ತಡ ಕಿತ್ತೆಸೆಯುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಚಪ್ಪಡಿಗಳನ್ನು ನೆಲದಡಿ ಹಾಸಿ, ಹೊರಗೋಡೆಯ ಸುತ್ತ ನಿಲ್ಲಿಸಿ, ಸಂದುಗಳಿಗೆ ಸಿಮೆಂಟ್ ಹಾಲು ತುಂಬಿ ಕಟ್ಟಡವನ್ನು ಕಲ್ಲಿನ ಪೆಟ್ಟಿಗೆಯೊಳಗೆ ಇಟ್ಟಂತೆ ಮಾಡುವ ಪದ್ಧತಿ ದೇಶದ ಅನೇಕ ಕಡೆ ದೀರ್ಘಕಾಲದಿಂದ ಬಳಕೆಯಲ್ಲಿದೆ. ಆದರೆ ಅದು ಕಟ್ಟುವಾಗಲೇ ಆಗಬೇಕಾದ ಕೆಲಸ. ಮುಗಿದ ಕಟ್ಟಡದಲ್ಲಿ ಬಿರುಕು ಮತ್ತು ಸಂದುಗಳಿಗೆ ರಂಧ್ರ ಕೊರೆದು, ನೀರು ತಾಗಿದೊಡನೆ ಉಬ್ಬಿ ಗಟ್ಟಿಯಾಗುವ ಪಾಲಿಯುರಿಥೇನ್ ದ್ರವವನ್ನು ಒತ್ತಡದಿಂದ ತುಂಬಿಸುವುದು, ಆ ಮೇಲೆ ಕಾಂಕ್ರೀಟಿನೊಳಕ್ಕೆ ಇಳಿದು ಹರಳುಗಟ್ಟುವ ಲೇಪನ ಹಚ್ಚುವುದು ರೂಢಿ. ಇದೂ ಒಂದು ಕಡೆ ಮುಚ್ಚಿದ ನೀರು ಮತ್ತೊಂದು ಕಡೆ ಹೊರಡುವ ಆಟವಾಗಬಾರದೆಂದರೆ, ಗೋಡೆಯ ಹೊರಗಿನ ನೀರಿಗೆ ಹರಿದುಹೋಗಲು ಬೇರೆ ದಾರಿ ಮಾಡಿಕೊಟ್ಟಿರಬೇಕು.

ಮಳೆನೀರು ಇಂಗಿಸುವ ಬಾವಿಯ ಬಗ್ಗೆಯೂ ಒಂದು ಮಾತು. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ ಅನೇಕರು ಜಾಗವಿಲ್ಲದೆ ಇಂಗುಬಾವಿಯನ್ನು ನೆಲಮಾಳಿಗೆಯ ಗೋಡೆಗೆ ಆನಿಕೊಂಡೇ ತೋಡಿದ್ದಾರೆ. ಚಾವಣಿಯ ನೀರೆಲ್ಲ ಅಲ್ಲಿಗಿಳಿದು ಗೋಡೆಯ ಮೂಲಕ ಸೆಲ್ಲರ್‌ಗೆ ವಾಪಸಾಗುತ್ತದೆ. ಅಂಥ ಕಡೆ ಚಾವಣಿಯ ನೀರನ್ನು ಸಂಪಿಗೆ ತುಂಬಿಸಿ ಬಳಸುವುದು, ಹೆಚ್ಚಾದದ್ದನ್ನು ಗೋಡೆಯಿಂದ ದೂರಕ್ಕೆ ಒಯ್ಯುವುದು ಲೇಸು.

ವಿಮೆಯ ವಿಷಯದಲ್ಲಿ ಹೇಳುವುದಾದರೆ, 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ನೀಡುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಹಾನಿ ಒಳಗೊಂಡಿದೆ. ವಾಹನದ ಸಮಗ್ರ ವಿಮೆಯೂ ನೆರೆಗೆ ಅನ್ವಯಿಸುತ್ತದೆ. ಆದರೆ ಮುಳುಗಿದ ಕಾರನ್ನು ಕೀಲಿ ತಿರುಗಿಸಿ ಚಾಲೂ ಮಾಡಲು ಹೋಗಿ ಎಂಜಿನ್ ಒಡೆದರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕರಾರು ಇಲ್ಲದವರಿಗೆ ಪರಿಹಾರ ಸಿಗುವುದು ಕಷ್ಟ. ನೀರಿಳಿದ ಮೇಲೆ ಕಾರನ್ನು ಮುಟ್ಟದೆ ಛಾಯಾಚಿತ್ರ ತೆಗೆದು, ಬ್ಯಾಟರಿ ಸಂಪರ್ಕವನ್ನು ತಿಳಿದವರಿಂದ ತಪ್ಪಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಬೇಕು. ವಿದ್ಯುಚ್ಚಾಲಿತ ವಾಹನಗಳಿಗಂತೂ ಕಂಪನಿಯ ತಂತ್ರಜ್ಞರನ್ನೇ ಕರೆಸಬೇಕು.

ರಸ್ತೆಬದಿಯ ಚರಂಡಿ ಕಟ್ಟಿಕೊಂಡು ನೀರು ಒಳಬರುತ್ತಿದ್ದರೆ ದೂರು ನೀಡಬೇಕಾದ ಕಚೇರಿಯೂ ಈಗ ಬದಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿರುವುದರಿಂದ, ಬಡಾವಣೆ ಯಾವ ಪಾಲಿಕೆಗೆ ಸೇರಿದೆಯೆಂದು ಮೊದಲೇ ತಿಳಿದಿಟ್ಟುಕೊಳ್ಳಬೇಕು. ಯುಜಿಡಿ ಉಕ್ಕಿದರೆ ಅದು ಜಲಮಂಡಳಿಯ ಕೆಲಸ, ಸಂಖ್ಯೆ 1916. ಇಂಥ ದೂರುಗಳಿಗೂ, ಪಂಪನ್ನು ಬಕೆಟ್ ನೀರು ಸುರಿದು ಓಡಿಸಿ ನೋಡಲಿಕ್ಕೂ ಏಪ್ರಿಲ್ ಸರಿಯಾದ ತಿಂಗಳು. ಮುಂಗಾರುಪೂರ್ವ ಮಳೆ ಬೆಂಗಳೂರಿಗೆ ಮೇ ತಿಂಗಳಲ್ಲೇ ಬರುತ್ತದೆ.